ಆಣೆ ಹಾಕಿಸಬೇಡಿ, ಜೊತೆಗೆ ಕೂತು ಬರೆಯಿರಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಎರಡು ಆತ್ಮಹತ್ಯೆಗೆ ಯತ್ನಿಸಿ ಸಾವಿನ ಅಂಚಿಗೆ ಹೋಗಿ ಬಂದವರ ಬಗ್ಗೆ, ಒಂದು ಈಗ ಅಲ್ಲೇ ನಿಂತಿರುವವರಿಂದ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಓದುತ್ತಿರುವ ನಿಮಗೇ ಇವತ್ತು ಬದುಕು ಬೇಡ ಅನ್ನಿಸಿದ್ದರೆ, ಮುಂದೆ ಓದುವುದು ಆಮೇಲಿರಲಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಮಾಡಿದರೂ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112 ಅಥವಾ 108.

ಪ್ರಶ್ನೆ: ನಾವು ಹಿರೇಕೆರೂರಿನ ಕಡೆಯವರು. ನನ್ನ ತಮ್ಮನಿಗೆ 27 ವರ್ಷ. ಫೈನಾನ್ಸ್ ಸಾಲದ ಕಾಟಕ್ಕೆ ಕಳೆದ ತಿಂಗಳು ಆತ್ಮಹತ್ಯೆಗೆ ಯತ್ನಿಸಿದ, ಪುಣ್ಯಕ್ಕೆ ಉಳಿದುಕೊಂಡ. ಡಿಸ್ಚಾರ್ಜ್ ಮಾಡುವ ಮುಂಚೆ ಆಪ್ತಸಮಾಲೋಚಕಿಯೊಬ್ಬರು ಅವನ ಜೊತೆ ಒಂದು ಗಂಟೆ ಕೂತು ಮಾತಾಡಿ, ಒಂದು ಹಾಳೆಯಲ್ಲಿ ಏನೇನೋ ಬರೆಸಿ, ‘ಆಗಾಗ ಫೋನ್ ಮಾಡ್ತೀವಿ’ ಅಂದರು. ಇಷ್ಟೇನಾ ಚಿಕಿತ್ಸೆ? ಅಮ್ಮ ಅವನ ಕೈಲಿ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಹಾಕಿಸಿದ್ದಾಳೆ. ನಿಜ ಹೇಳಬೇಕೆಂದರೆ ನಮಗೆ ಆ ಹಾಳೆಗಿಂತ ಆಣೆಯೇ ಧೈರ್ಯ.

ಉತ್ತರ: ಆ ಒಂದು ಗಂಟೆಯನ್ನು ಹಗುರವಾಗಿ ಎಣಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಪರೀಕ್ಷೆಗೆ ಒಡ್ಡಿತ್ತು. ಬ್ರೆಜಿಲ್‌ನ ಕಂಪಿನಾಸ್, ನಮ್ಮ ಚೆನ್ನೈ, ಶ್ರೀಲಂಕಾದ ಕೊಲಂಬೊ, ಇರಾನಿನ ಕರಜ್, ಚೀನಾದ ಯುನ್‌ಚೆಂಗ್. ಈ ಐದು ಕಡೆ ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸೆಗೆ ಬಂದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ ಕೊಟ್ಟರು. ಉಳಿದರ್ಧ ಮಂದಿಗೆ ಅದರ ಜೊತೆಗೆ ಒಂದು ಗಂಟೆಯ ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನ್ ಅಥವಾ ಮನೆ ಭೇಟಿ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ 2.2ರಷ್ಟು ಜನ ಮುಂದೆ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಮಾತು ಮತ್ತು ಫೋನ್ ಸಿಕ್ಕವರಲ್ಲಿ ಶೇ 0.2. ಅಲ್ಲಿ ದುಬಾರಿ ಯಂತ್ರ, ಹೊಸ ಔಷಧಿ ಏನೂ ಇರಲಿಲ್ಲ. ಚೆನ್ನೈನಲ್ಲಿ ಆ ಕೆಲಸದ ಹೊಣೆ ಹೊತ್ತವರು ಡಾ. ಲಕ್ಷ್ಮಿ ವಿಜಯಕುಮಾರ್, 1986ರಲ್ಲಿ ಆತ್ಮಹತ್ಯೆ ತಡೆಗೆಂದು ‘ಸ್ನೇಹಾ’ ಸಂಸ್ಥೆ ಕಟ್ಟಿದವರು.

ಇಷ್ಟು ಸಣ್ಣ ಕೆಲಸ ಅಷ್ಟು ದೊಡ್ಡ ವ್ಯತ್ಯಾಸ ಮಾಡಿದ್ದು ಹೇಗೆ? ಸಾಯಬೇಕೆಂಬ ಒತ್ತಡ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಹಳ್ಳ ತುಂಬಿ ಬಂದರೆ ಯಾರೂ ಇಳಿಯುವುದಿಲ್ಲ, ದಡದಲ್ಲೇ ಕಾಯುತ್ತಾರೆ, ನೀರು ಇಳಿದ ಮೇಲೆ ದಾಟುತ್ತಾರೆ. ಈ ಒತ್ತಡವೂ ಹಾಗೇ ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಮನುಷ್ಯನಿಗೆ ಬೇರೆ ದಾರಿ ಕಾಣುವುದಿಲ್ಲ. ಹೆಂಡತಿ ಮಕ್ಕಳ ಮುಖವೂ ನೆನಪಿಗೆ ಬರುವುದಿಲ್ಲ. ‘ನಮ್ಮನ್ನೆಲ್ಲ ಮರೆತೇಬಿಟ್ಟನಲ್ಲ’ ಎಂದು ಮನೆಯವರು ಅಳುವುದುಂಟು. ಮರೆತದ್ದಲ್ಲ, ಆ ಹೊತ್ತಿಗೆ ತಲೆ ಅಷ್ಟು ಇಕ್ಕಟ್ಟಾಗಿರುತ್ತದೆ. ಹಾಗಾಗಿ ತಲೆ ತಿಳಿಯಾಗಿರುವಾಗ ಯೋಚಿಸಿ ಬರೆದಿಟ್ಟದ್ದು ಒತ್ತಡ ಏರಿದಾಗ ಕೈಗೆ ಸಿಗಬೇಕು. ಆ ಹಾಳೆ ಅದಕ್ಕೇ.

ಅಮೆರಿಕದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ‘ಸುರಕ್ಷಾ ಯೋಜನೆ’ಯ ಮಾದರಿ ಅದು ಎಂದು ನನ್ನ ಅಂದಾಜು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,640 ಜನರನ್ನು ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಈ ಹಾಳೆ ಬರೆದು, ಆಮೇಲೆ ಆಸ್ಪತ್ರೆಯಿಂದ ಫೋನ್ ಬರುತ್ತಿದ್ದವರಲ್ಲಿ ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆ ಯತ್ನದಂಥ ಘಟನೆಗಳು ಹತ್ತಿರಹತ್ತಿರ ಅರ್ಧದಷ್ಟು ಕಡಿಮೆಯಾಗಿದ್ದವು.

ತಮ್ಮ ಒಪ್ಪಿದರೆ ಒಂದು ಸಂಜೆ ಅವನ ಜೊತೆ ಕೂತು ಆ ಹಾಳೆ ತೆಗೆಯಿರಿ. ಮೊದಲು ಬರುವುದು ಮುನ್ಸೂಚನೆ. ‘ಬೇಜಾರಾದಾಗ’ ಎಂದು ಬರೆದಿದ್ದರೆ ಸಾಲದು, ಬೇಜಾರು ಎಲ್ಲರಿಗೂ ಆಗುತ್ತದೆ. ‘ಫೈನಾನ್ಸ್‌ನವರ ಫೋನ್ ಬಂದ ಮೇಲೆ ಊಟ ಬಿಟ್ಟು ಹಿಂದಿನ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇನೆ’ ಎಂದಿದ್ದರೆ ಅದು ಅವನದ್ದೇ ಸೂಚನೆ, ನಿಮಗೂ ಕಾಣುತ್ತದೆ. ಆಮೇಲೆ, ಯಾರ ಸಹಾಯವೂ ಇಲ್ಲದೆ ಅವನೇ ಮಾಡಬಹುದಾದ್ದು: ಎತ್ತಿನ ಮೈ ತೊಳೆಯುವುದು, ಕೆರೆ ಏರಿ ಮೇಲೆ ಒಂದು ಸುತ್ತು. ಅದೂ ಸಾಲದಿದ್ದರೆ ಜನರ ನಡುವೆ ಹೋಗಿ ಕೂರುವುದು. ಗರಡಿಮನೆಯೋ, ಬಸ್‌ಸ್ಟ್ಯಾಂಡಿನ ಹೋಟೆಲ್ಲೋ, ಕಟಿಂಗ್ ಶಾಪೋ. ಅಲ್ಲಿ ಯಾರಿಗೂ ಏನೂ ಹೇಳಬೇಕಿಲ್ಲ. ಅದೂ ಆಗದಿದ್ದರೆ ಬಾಯಿಬಿಟ್ಟು ಹೇಳಿಕೊಳ್ಳಬಹುದಾದ ಒಬ್ಬಿಬ್ಬರ ಹೆಸರು, ನಂಬರು. ಆಮೇಲೆ ಆಸ್ಪತ್ರೆ ಮತ್ತು 14416. ಈ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲದೆ ಅವನ ಗೆಳೆಯನ ಹೆಸರಿದ್ದರೆ ಮುನಿಸಿಕೊಳ್ಳಬೇಡಿ. ಪಟ್ಟಿ ಅವನದು. ಅವನ ಮಾತಿನಲ್ಲಿ ಅವನೇ ಬರೆದದ್ದಾದ್ದರಿಂದಲೇ ಅದು ಕೆಲಸಕ್ಕೆ ಬರುವುದು.

ಕೊನೆಯ ಅಂಶ ಮನೆಯವರ ಕೆಲಸ, ಅದನ್ನು ಇವತ್ತೇ ಮಾಡಿ. ಹೊಲಕ್ಕೆ ತಂದ ರಾಸಾಯನಿಕ, ಮನೆಯಲ್ಲಿ ಉಳಿದ ಮಾತ್ರೆಗಳು, ಅವನು ಅಪಾಯ ಎಂದು ಹೇಳಿದ ಇನ್ನೇನಿದ್ದರೂ ಮನೆಯಿಂದ ಆಚೆ ಹೋಗಬೇಕು. ಚಿಕ್ಕಪ್ಪನ ಮನೆಯಲ್ಲಿ ಬೀಗ ಹಾಕಿಡಿ, ಬೀಗದಕೈ ಅವರ ಹತ್ತಿರವೇ ಇರಲಿ. ‘ಮಾಡಿಕೊಳ್ಳಬೇಕು ಅಂದವನು ಎಲ್ಲಿದ್ದರೂ ಮಾಡಿಕೊಳ್ತಾನೆ’ ಎಂಬ ಮಾತು ಊರಲ್ಲಿ ಎಲ್ಲರ ಬಾಯಲ್ಲೂ ಇದೆ, ಅದು ತಪ್ಪು. ಒತ್ತಡ ಏರಿದ ಆ ಸ್ವಲ್ಪ ಹೊತ್ತು ಅಪಾಯಕಾರಿ ವಸ್ತು ಕೈಗೆಟುಕದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಕೀಟನಾಶಕಗಳನ್ನು ಮನೆಗಳಿಂದ ತೆಗೆದು ಸಾಮೂಹಿಕ ಲಾಕರ್‌ಗಳಲ್ಲಿಡುವ ಪ್ರಯೋಗವನ್ನು ಇದೇ ಚೆನ್ನೈ ತಂಡ ಮಾಡಿತ್ತು. ಜನ ಒಪ್ಪಿ ನಡೆಸಿದರು.

ಇನ್ನು ಆಣೆಯ ವಿಷಯ. ಅಮ್ಮನ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ, ಬೇಕಾದರೆ ಧರ್ಮಸ್ಥಳಕ್ಕೆ ಹೋಗಿಬರಲಿ, ಅವನನ್ನೂ ಕರೆದುಕೊಂಡು ಹೋಗಲಿ. ಆದರೆ ಆಣೆಯ ಮೇಲೆ ಭಾರ ಹಾಕಬೇಡಿ. ಆ ಯೋಚನೆ ಮತ್ತೆ ಬರುವುದು ಸಹಜ. ಬಂದಾಗ ಆಣೆ ಹಾಕಿದವನು ಏನು ಮಾಡುತ್ತಾನೆ? ‘ಯೋಚನೆ ಬಂದದ್ದೇ ಆಣೆ ಮುರಿದಂತೆ’ ಎಂದುಕೊಳ್ಳುತ್ತಾನೆ. ಇರುವ ಅಪರಾಧಿ ಭಾವಕ್ಕೆ ಇನ್ನೊಂದು ಸೇರುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ‘ಇನ್ನು ಮಾಡಲ್ಲ’ ಎಂದು ಬರೆಸಿಕೊಳ್ಳುವ ರೂಢಿ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತು. ಅದು ಕಾಪಾಡುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲ, ಬಿಟ್ಟರು. ಅಮ್ಮನಿಗೆ ಹೇಳಿ, ಆಣೆಯ ಬದಲು ಈ ಮಾತು ಆಡಲಿ: ‘ಮತ್ತೆ ಹಂಗನ್ನಿಸಿದ್ರೆ ನನ್ನ ಎಬ್ಬಿಸು. ರಾತ್ರಿ ಎರಡಾದ್ರೂ ಸರಿ, ಬೈಯಲ್ಲ, ಅಳಲ್ಲ, ಜೊತಿಗೆ ಕೂತಿರ್ತೀನಿ.’

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರಗಳೇ ಹೆಚ್ಚು ಸೂಕ್ಷ್ಮ. ಗಾಯ ಮಾಗಿತು, ಊಟ ಮಾಡುತ್ತಿದ್ದಾನೆ, ಇನ್ನು ಪರವಾಗಿಲ್ಲ ಎಂದು ಮನೆಯವರು ನಿರಾಳವಾಗುವುದೂ ಅದೇ ಹೊತ್ತಿಗೆ. ನಾನು ಹೇಳಿದ ಐದು ನಗರಗಳ ಅಧ್ಯಯನದಲ್ಲಿ 1, 2, 4, 7, 11ನೇ ವಾರಗಳಲ್ಲಿ, ಆಮೇಲೆ 4, 6, 12, 18ನೇ ತಿಂಗಳಲ್ಲಿ ಸಂಪರ್ಕಿಸುತ್ತಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ. ಆಸ್ಪತ್ರೆಯಿಂದ ಫೋನ್ ಬಾರದಿದ್ದರೆ ನೀವೇ ಮಾಡಿ. ಅದು ತೊಂದರೆ ಕೊಟ್ಟಂತೆ ಅಲ್ಲ.

ಸಾಲದ ವಿಷಯ ಹಾಗೇ ಬಿಟ್ಟು ‘ಧೈರ್ಯ ತಂದ್ಕೋ’ ಎಂದರೆ ಪ್ರಯೋಜನವಿಲ್ಲ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಮನೆ ಮುಂದೆ ಬಂದು ಅವಮಾನ ಮಾಡುವುದು, ಬೆದರಿಸುವುದು ಅದರಡಿ ಅಪರಾಧ. ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯಕ್ಕೆ 15100ಕ್ಕೆ ಕರೆ ಮಾಡಿ. ನೀವು ಒಬ್ಬರೇ ಓಡಾಡಿ ಎಲ್ಲ ಮುಗಿಸಿ ಬರಬೇಡಿ, ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಚೇತರಿಕೆಯೆಂದರೆ ತನ್ನ ಬದುಕಿನ ಲಗಾಮು ಒಂದಿಷ್ಟಾದರೂ ತನ್ನ ಕೈಗೆ ವಾಪಸ್ ಬಂತು ಅನ್ನಿಸುವುದು. ಹೊಲದ ಕೆಲಸ ಕಸಿದುಕೊಂಡು, ಮೊಬೈಲ್ ಇಸಿದುಕೊಂಡು, ಇಪ್ಪತ್ತನಾಲ್ಕು ಗಂಟೆ ಹಿಂದೆ ಯಾರನ್ನಾದರೂ ಬಿಟ್ಟರೆ ಅದು ಬರುವುದಿಲ್ಲ.

ಒಂದು ಎಚ್ಚರಿಕೆ. ಈ ಸಣ್ಣ ನೆರವು ಎಲ್ಲರಿಗೂ ಸಾಲದು. ದಿನಗಟ್ಟಲೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾನೆ, ಯಾರೂ ಆಡದ ಮಾತು ಕಿವಿಗೆ ಬೀಳುತ್ತಿದೆ, ಕುಡಿತ ಏರಿದೆ, ಅಥವಾ ‘ಇಂಥ ದಿನ, ಹೀಗೆ’ ಎಂದು ಮತ್ತೆ ಮಾತಾಡಿದ ಎಂದಾದರೆ ಹಾಳೆ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ಒಬ್ಬನನ್ನೇ ಬಿಡಬೇಡಿ. ತುರ್ತಿಲ್ಲದ ಭೇಟಿಗಾದರೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಧಾರವಾಡದಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದೇನೆ. ಒಬ್ಬ ಹುಡುಗಿಯ ಬಗ್ಗೆ ನನಗೆ ಅನುಮಾನ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತೆ ಆಗುವುದಿಲ್ಲವೇ? ಈಗ ಅವಳು ರಜೆಗೆ ಊರಿಗೆ ಹೊರಟಿದ್ದಾಳೆ.

ಉತ್ತರ: ಆಗುವುದಿಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಎಷ್ಟೋ ಮಕ್ಕಳಿಗೆ ‘ಅಬ್ಬಾ, ಒಬ್ಬರಾದರೂ ಕೇಳಿದರು’ ಅನ್ನಿಸುತ್ತದೆ. ಅವಳು ಹೊರಡುವ ಮುಂಚೆಯೇ ಕೇಳಿ. ಹತ್ತು ಜನರ ಎದುರಲ್ಲಿ ಬೇಡ, ಬಾಗಿಲಲ್ಲಿ ನಿಂತೂ ಬೇಡ. ‘ಈಚೆಗೆ ನೀನು ಮೊದಲಿನ ಹಾಗಿಲ್ಲ. ಬದುಕೋದೇ ಬೇಡ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಇಷ್ಟು ಸಾಕು. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?’ ಎಂದು ಕೇಳಿದರೆ ಉತ್ತರ ನೀವೇ ಕೊಟ್ಟಂತೆ, ಅವಳು ‘ಇಲ್ಲ ಮೇಡಂ’ ಎಂದು ಎದ್ದುಹೋಗುತ್ತಾಳೆ. ‘ಹೌದು’ ಎಂದರೆ ಬುದ್ಧಿ ಹೇಳಲು ಆತುರಪಡಬೇಡಿ. ಅಪ್ಪ ಅಮ್ಮನ ತ್ಯಾಗ, ಅಂಗವಿಕಲರಾಗಿಯೂ ಸಾಧಿಸಿದವರ ಕಥೆ, ಯಾವುದೂ ಆ ಹೊತ್ತಿಗೆ ಬೇಡ. ಕೇಳಿಸಿಕೊಳ್ಳಿ, ಜೊತೆಗಿರಿ, ಅವಳ ಎದುರಿಗೇ 14416ಕ್ಕೆ ಕರೆ ಮಾಡಿ. ಇದು ನಮ್ಮಿಬ್ಬರಲ್ಲೇ ಇರಲಿ ಎಂದು ಮಾತು ಕೊಡಬೇಡಿ. ಮನೆಯವರಲ್ಲಿ ಯಾರಿಗೆ ಹೇಳಿದರೆ ಅವಳಿಗೆ ಸಮಾಧಾನ ಎಂದು ಅವಳನ್ನೇ ಕೇಳಿ. ಹಾಗೆ ಹೇಳದೆ ಒಬ್ಬಳನ್ನೇ ಬಸ್ ಹತ್ತಿಸಬೇಡಿ.

ಊರಿಗೆ ಹೋದ ಮೇಲೂ ವಾರಕ್ಕೊಂದು ಮೆಸೇಜ್ ಹಾಕಿ. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೊಟೊ 1969ರಿಂದ ಮಾಡಿದ ಒಂದು ಪ್ರಯೋಗವನ್ನು ನಾನು ತರಬೇತಿಗಳಲ್ಲಿ ಯಾವಾಗಲೂ ಹೇಳುತ್ತೇನೆ. ಆಸ್ಪತ್ರೆಯಿಂದ ಹೋದ ಮೇಲೆ ಮುಂದಿನ ಚಿಕಿತ್ಸೆಯೇ ಬೇಡ ಎಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಕಾಲ ಆಗಾಗ ಚಿಕ್ಕ ಪತ್ರ ಬರೆದರು. ಉಪದೇಶ ಇಲ್ಲ, ‘ಬಂದು ಕಾಣಿ’ ಎಂಬ ಒತ್ತಾಯವೂ ಇಲ್ಲ. ನೀವು ಚೆನ್ನಾಗಿರಲಿ ಎಂದು ಹಾರೈಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಇಷ್ಟೇ. ಪತ್ರ ಸಿಕ್ಕವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆ ಸಾವುಗಳು ಎದ್ದುಕಾಣುವಷ್ಟು ಕಡಿಮೆಯಿದ್ದವು. ನಿಮ್ಮದು ವಾಟ್ಸ್‌ಆ್ಯಪ್ ಕಾಲ, ಅಂಚೆ ಖರ್ಚೂ ಇಲ್ಲ. ಆದರೆ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಫಾರ್ವರ್ಡ್ ಮಾಡಬೇಡಿ, ಅವಳ ಹೆಸರು ಹಿಡಿದು ಎರಡು ಸಾಲು ಬರೆಯಿರಿ.

ಪ್ರಶ್ನೆ: ಬೆಂಗಳೂರು, 34 ವರ್ಷ, ಐಟಿ ಕೆಲಸ. ಹೊರಗೆ ಎಲ್ಲವೂ ಸರಿ ಇದೆ. ರಾತ್ರಿ ಹನ್ನೊಂದರ ಮೇಲೆ ಸಾಯುವ ಯೋಚನೆ ಒತ್ತಿಕೊಂಡು ಬರುತ್ತದೆ, ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ನಗುತ್ತಾ ಕೂತಿರುತ್ತೇನೆ. ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಗೆ ಹೋದರೆ ಅಡ್ಮಿಟ್ ಮಾಡಿಬಿಡುತ್ತಾರೆ, ಆಫೀಸಿಗೆ ತಿಳಿಯುತ್ತದೆ ಎಂಬ ಭಯ. ಎರಡು ಮೂರು ಸಲ ಮಾತಾಡಿದರೆ ಏನಾದರೂ ಆಗುತ್ತದೆಯೇ?

ಉತ್ತರ: ಈ ಪತ್ರ ಬಂದ ದಿನವೇ ನಿಮಗೆ ಪ್ರತ್ಯೇಕವಾಗಿ ಉತ್ತರಿಸಿದ್ದೆ. ನಿಮ್ಮಂತೆಯೇ ಇರುವ ಬೇರೆಯವರಿಗಾಗಿ ನೀವು ಒಪ್ಪಿದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಬರೆದದ್ದು ಒಳ್ಳೆಯದಾಯಿತು. ನಿಮ್ಮೊಳಗೆ ಸಾಯಬೇಕು ಅನ್ನುವ ಮನಸ್ಸೂ ಇದೆ, ಕೂತು ಈ ಪತ್ರ ಟೈಪ್ ಮಾಡಿದ ಮನಸ್ಸೂ ಇದೆ. ಎರಡೂ ನಿಮ್ಮವೇ. ನಾನು ಎರಡನೆಯದರ ಜೊತೆ ಮಾತಾಡುತ್ತಿದ್ದೇನೆ.

ಎರಡು ಮೂರು ಸಲದ ಮಾತಿನಿಂದ ಆಗುವುದಿದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕೊನ್ರಾಡ್ ಮಿಶೆಲ್ ಮತ್ತು ಆನ್ಯಾ ಗೀಸಿನ್-ಮೈಯಾರ್ ಎಂಬವರು ಆತ್ಮಹತ್ಯೆಗೆ ಯತ್ನಿಸಿದವರಿಗಾಗಿ ರೂಪಿಸಿದ ಕ್ರಮ ಮೂರೇ ಭೇಟಿಯದು. ಮೊದಲ ದಿನ, ಆ ಹಂತಕ್ಕೆ ಹೇಗೆ ಬಂದೆ ಎಂಬ ಕಥೆಯನ್ನು ವ್ಯಕ್ತಿಯೇ ಹೇಳುತ್ತಾರೆ, ಅದರ ವಿಡಿಯೊ ಆಗುತ್ತದೆ. ಎರಡನೆಯ ದಿನ ಇಬ್ಬರೂ ಕೂತು ಆ ವಿಡಿಯೊ ನೋಡುತ್ತಾರೆ: ಎಲ್ಲಿ ತಿರುಗಿತು, ಎಲ್ಲಿ ನಿಲ್ಲಿಸಬಹುದಿತ್ತು. ಮೂರನೆಯ ದಿನ ಮುಂದಿನದಕ್ಕೆ ಯೋಜನೆ. ಆಮೇಲೆ ಎರಡು ವರ್ಷ ಆಗಾಗ ಪತ್ರ. 2016ರಲ್ಲಿ ಪ್ರಕಟವಾದ 120 ಜನರ ಅಧ್ಯಯನದಲ್ಲಿ ಈ ನೆರವು ಸಿಕ್ಕವರ ಗುಂಪಿನಲ್ಲಿ ಮರುಯತ್ನಗಳು 5, ಸಿಗದವರ ಗುಂಪಿನಲ್ಲಿ 41. ಆಮೇಲೆ ಹೆಲ್ಸಿಂಕಿಯಲ್ಲಿ ಇದನ್ನು ಇನ್ನೊಂದು ಬಗೆಯ ಬಿಕ್ಕಟ್ಟು ಸಮಾಲೋಚನೆಯ ಜೊತೆ ಹೋಲಿಸಿದಾಗ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನಗನ್ನಿಸುವುದು, ವಿಧಾನದ ಹೆಸರಿಗಿಂತ ನಿಮ್ಮ ಕಥೆಯನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡು ಆಮೇಲೆ ಕೈಬಿಡದೆ ಇರುವುದೇ ಮುಖ್ಯ. ಹಾಗಾಗಿ ‘ಬೆಸ್ಟ್ ಥೆರಪಿಸ್ಟ್’ ಹುಡುಕುತ್ತಾ ತಿಂಗಳು ಕಳೆಯಬೇಡಿ.

ಅಡ್ಮಿಟ್ ಭಯದ ಬಗ್ಗೆ: ಇಂಥ ಯೋಚನೆ ಇದೆ ಎಂದು ಹೇಳಿದವರನ್ನೆಲ್ಲ ದಾಖಲಿಸಿಕೊಳ್ಳುವುದಿಲ್ಲ. ಬಹಳ ಮಂದಿ ಹೊರರೋಗಿಗಳಾಗಿಯೇ ಚೇತರಿಸಿಕೊಳ್ಳುತ್ತಾರೆ. ಅಪಾಯ ತೀರ ಹತ್ತಿರವಿದ್ದರೆ ಮಾತ್ರ ದಾಖಲಾತಿಯ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೌಪ್ಯ. ಜೀವಾಪಾಯದಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ. ನಿಮ್ಮ ಮ್ಯಾನೇಜರ್ ಆ ವಿನಾಯಿತಿಯಲ್ಲಿ ಬರುವುದಿಲ್ಲ.

ಇವತ್ತು ರಾತ್ರಿ ಹನ್ನೊಂದರ ಮೊದಲು ಎರಡು ಕೆಲಸ. ಅಪಾಯ ಎಂದು ನಿಮಗೇ ಗೊತ್ತಿರುವ ವಸ್ತು ಮನೆಯಲ್ಲಿದ್ದರೆ ಅದು ಬೇರೆಯವರ ಕೈಗೆ ಹೋಗಲಿ. ಆಮೇಲೆ, ನೀವು ನಂಬುವ ಒಬ್ಬರಿಗೆ ಒಂದು ಮೆಸೇಜ್. ಏನೆಂದು ಬರೆಯಲಿ ಎಂದು ತಡಕಾಡುವವರೇ ಹೆಚ್ಚು, ಆದ್ದರಿಂದ ಬರೆದುಕೊಡುತ್ತೇನೆ, ಹಾಗೇ ಕಳಿಸಿ: ‘ಕೆಲವು ವಾರದಿಂದ ನನಗೆ ಸಾಯುವ ಯೋಚನೆ ಬರ್ತಿದೆ. ಸಲಹೆ ಬೇಡ. ಇವತ್ತು ರಾತ್ರಿ ಹತ್ತೂವರೆಗೆ ಒಂದು ಕಾಲ್ ಮಾಡ್ತೀಯಾ?’ ಉತ್ತರ ಬಾರದಿದ್ದರೆ ಇನ್ನೊಬ್ಬರಿಗೆ. ಯಾರೂ ಸಿಗದಿದ್ದರೆ 14416. ಈ ವಾರದೊಳಗೆ ಮನೋವೈದ್ಯರನ್ನೂ ಕಾಣಿ. ರಾತ್ರಿ ಹೊತ್ತು ಹೀಗೆ ಕಾಡುವುದರ ಹಿಂದೆ ಖಿನ್ನತೆ ಇದ್ದರೆ ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಬರೀ ಯೋಜನೆಯ ಹಾಳೆ ಹಿಡಿದು ಹೋರಾಡುವ ಅಗತ್ಯವಿಲ್ಲ.

ಪ್ರಶ್ನೆ: ಅಣ್ಣನ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಪೊಲೀಸರು ಹೇಳಿಕೆಗೆ ಬಂದಿದ್ದರು. ಕೇಸಾಗಿ ಮುಂದೆ ಸರ್ಕಾರಿ ಕೆಲಸಕ್ಕೆ ತೊಂದರೆಯಾಗುತ್ತದಾ? ಬೇರೆ ಏನೋ ಕಾರಣ ಹೇಳಿಬಿಡೋಣವೇ? — ಮಂಡ್ಯ

ಉತ್ತರ: ಬೇಡ, ನಿಜವೇ ಹೇಳಿ. ವೈದ್ಯರಿಗಂತೂ ಏನಾಯಿತೆಂದು ಸರಿಯಾಗಿ ತಿಳಿಯಲೇಬೇಕು, ಇಲ್ಲದಿದ್ದರೆ ಚಿಕಿತ್ಸೆ ತಪ್ಪುತ್ತದೆ. ಆಸ್ಪತ್ರೆ ಪೊಲೀಸರಿಗೆ ತಿಳಿಸುವುದು, ಅವರು ಬಂದು ಹೇಳಿಕೆ ಪಡೆಯುವುದು ಮಾಮೂಲಿ ಕ್ರಮ. ಅದರಿಂದ ಅವಳು ಅಪರಾಧಿ ಆಗುವುದಿಲ್ಲ. 2017ರ ಕಾಯ್ದೆಯ 115ನೇ ಕಲಂ ಪ್ರಕಾರ, ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವ ಹೊಣೆ ಸರ್ಕಾರದ್ದು ಎಂದೂ ಅದೇ ಕಲಂ ಹೇಳುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲೋ ಮಣಿಸಲೋ ಹೀಗೆ ಮಾಡುವುದಕ್ಕಷ್ಟೇ ಬೇರೊಂದು ಕಲಂ ಇದೆ. ನಿಮ್ಮ ಹುಡುಗಿಗೆ ಅದು ಅನ್ವಯಿಸುವಂತೆ ಕಾಣುವುದಿಲ್ಲ.

ಪ್ರಶ್ನೆ: ನಾನು ಮಂಗಳೂರಿನವಳು, ಗ್ಲಾಸ್ಗೋದಲ್ಲಿ ನರ್ಸ್. ಇಲ್ಲಿ ಸಂಕಟದಲ್ಲಿ ಬಂದವರಿಗೆ ‘ಡಿಸ್ಟ್ರೆಸ್ ಬ್ರೀಫ್ ಇಂಟರ್‌ವೆನ್ಷನ್’ ಎಂಬ ಸೇವೆ ಕೊಡಿಸುತ್ತೇವೆ. ಊರಲ್ಲಿ ಇಂಥದ್ದು ಸಾಧ್ಯವೇ?

ಉತ್ತರ: ಓದುಗರಿಗಾಗಿ ಎರಡು ಮಾತು. ಸ್ಕಾಟ್ಲೆಂಡಿನಲ್ಲಿ 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಪೊಲೀಸ್, ಆಂಬುಲೆನ್ಸ್ ಸಿಬ್ಬಂದಿ, ತುರ್ತು ವಿಭಾಗದ ನರ್ಸ್, ಊರಿನ ಡಾಕ್ಟರ್ ಇವರಿಗೆ ತರಬೇತಿ ಇರುತ್ತದೆ. ತರಬೇತಿ ರೂಪಿಸಿದ್ದು ಗ್ಲಾಸ್ಗೋ ವಿಶ್ವವಿದ್ಯಾಲಯ. ಸಂಕಟದಲ್ಲಿದ್ದು, ಆದರೆ ತುರ್ತು ವೈದ್ಯಕೀಯ ಚಿಕಿತ್ಸೆ ಬೇಕಿಲ್ಲದವರು ಸಿಕ್ಕರೆ, ಒಪ್ಪಿಗೆ ಪಡೆದು ಹೆಸರು ಮುಂದಕ್ಕೆ ಕಳಿಸುತ್ತಾರೆ. 24 ಗಂಟೆಯೊಳಗೆ ಅವರಿಗೆ ಫೋನ್ ಬರುತ್ತದೆ. ಮುಂದೆ ಸುಮಾರು 14 ದಿನ ಒಬ್ಬರು ಜೊತೆಗಿದ್ದು ಯೋಜನೆ ಬರೆಸುವುದು, ಸಾಲ, ಮನೆ, ಒಂಟಿತನದಂಥ ಸಮಸ್ಯೆಗೆ ದಾರಿ ತೋರಿಸುವುದು.

ನಮ್ಮಲ್ಲಿ ಬಿಡಿಬಿಡಿಯಾಗಿ ಎಲ್ಲವೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ಗೆ ನಿಮ್ಹಾನ್ಸ್‌ನದೇ ಮುಂದಾಳತ್ವ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. ಪ್ರತಿ ಹಳ್ಳಿಯಲ್ಲೂ ಆಶಾ ಕಾರ್ಯಕರ್ತೆಯರಿದ್ದಾರೆ. ಅಗತ್ಯವಂತೂ ಕಣ್ಣಿಗೆ ಹೊಡೆಯುವಂತಿದೆ: ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ಸತ್ತರು. ಇಲ್ಲದಿರುವುದು ನಡುವಿನ ಕೊಂಡಿ. ನಿಮ್ಮಲ್ಲಿ ಸಂಕಟದಲ್ಲಿರುವವರಿಗೆ ಫೋನ್ ಬರುತ್ತದೆ. ನಮ್ಮಲ್ಲಿ ಮೊದಲ ಫೋನನ್ನು ಅವರೇ ಅಥವಾ ಮನೆಯವರೇ ಮಾಡಬೇಕು, ಅದೂ ಡಿಸ್ಚಾರ್ಜ್ ಬಿಲ್ಲು, ಬಸ್ಸು, ‘ಜನ ಏನಂತಾರೋ’ ಎಂಬುದರ ನಡುವೆ.

ಹೊಸ ಯೋಜನೆ ಬರುವವರೆಗೆ ಕಾಯಬೇಕೆಂದೇನಿಲ್ಲ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ನರ್ಸ್‌ಗೆ ದಿನಕ್ಕೆ ಅರ್ಧ ಗಂಟೆ ಈ ಕೆಲಸಕ್ಕೆಂದೇ ಬಿಟ್ಟುಕೊಟ್ಟರೆ ಸಾಕು. ಬೇಕಾದದ್ದು ಒಂದು ರಿಜಿಸ್ಟರು, ರೋಗಿಯ ಒಪ್ಪಿಗೆ, ಫೋನ್ ಮಾಡಬೇಕಾದ ತಾರೀಕುಗಳು, ಆಸ್ಪತ್ರೆಯ ಹೆಸರಿನಲ್ಲೊಂದು ಮೊಬೈಲು. ನೀವು ರಜೆಗೆ ಊರಿಗೆ ಬಂದಾಗ ಮೊದಲ ಫೋನ್‌ನಲ್ಲಿ ಏನು ಕೇಳುತ್ತೀರಿ, ಹೇಗೆ ಮುಗಿಸುತ್ತೀರಿ ಎಂಬುದನ್ನು ಅಲ್ಲಿನ ನರ್ಸಿಂಗ್ ಕಾಲೇಜಿನ ಮಕ್ಕಳಿಗೆ ತುಳುವಿನಲ್ಲೋ ಕನ್ನಡದಲ್ಲೋ ಮಾಡಿ ತೋರಿಸಿ. ಪುಸ್ತಕದಿಂದ ಅದು ಬರುವುದಿಲ್ಲ.